ನೂರಕ್ಕೆ ನೂರು ಎಂಬ ಲೆಕ್ಕ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೂಡಲೇ ಶಾಲೆಗಳ ಗೇಟಿನ ಮೇಲೆ 'ನೂರಕ್ಕೆ ನೂರು' ಎಂಬ ಬ್ಯಾನರು ಏರುತ್ತದೆ. ಶಿಕ್ಷಕರ ದುಡಿಮೆಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಎಂಟನೆಯ ತರಗತಿಯಲ್ಲಿದ್ದ ಮಕ್ಕಳೆಲ್ಲರೂ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರೇ? ಅಕ್ಷರ ಕೂಡಿಸಿ ಓದಲು ತಡವರಿಸುತ್ತಿದ್ದ ಹುಡುಗಿ ಎಲ್ಲಿ? ತಂದೆಯ ಕುಡಿತದಿಂದ ಮನೆ ಒಡೆದು, ಶಾಲೆ ತಪ್ಪಿಸಿ ಗ್ಯಾರೇಜಿಗೆ ಹೋಗತೊಡಗಿದ್ದ ಹುಡುಗ ಎಲ್ಲಿ? "ನಿಮ್ಮ ಮಗುವಿಗೆ ಬೇರೆ ಶಾಲೆಯೇ ಒಳ್ಳೆಯದು" ಎಂದು ನಯವಾಗಿ ಟಿ.ಸಿ. ಕೊಟ್ಟು ಕಳುಹಿಸುವುದು ನಮ್ಮ ಶಾಲೆಗಳಲ್ಲಿ ನಡೆಯುವುದೇ ಇಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲೆವೇ?

ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ನಮಗೆಲ್ಲ ಗೊತ್ತು. ನೂರು ಕುರಿಗಳಲ್ಲಿ ಒಂದು ತಪ್ಪಿಹೋದಾಗ ಕುರುಬನು ಅದನ್ನು ಹುಡುಕಿಕೊಂಡು ಹೊರಟನು. ನಮ್ಮ ಕಾಲದ ಜಾಣತನ ಬೇರೆ. ಕುಂಟುವ ಕುರಿಯನ್ನು ಮೊದಲೇ ಹಟ್ಟಿಯಿಂದ ಹೊರಗೆ ಹಾಕಿ, ತೊಂಬತ್ತೊಂಬತ್ತಕ್ಕೆ ತೊಂಬತ್ತೊಂಬತ್ತು ಎಣಿಸಿ, ನೂರಕ್ಕೆ ನೂರು ಎನ್ನುತ್ತೇವೆ.

"ಒಬ್ಬನಿಗಾಗಿ ಇಡೀ ತರಗತಿ ಹಿಂದೆ ಬೀಳಬೇಕೇ? ನಾವೂ ಫೀಸು ಕಟ್ಟುವುದಿಲ್ಲವೇ?" ಎಂದು ಕೆಲವು ಪಾಲಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲ. ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಸ್ಥಿರವಾದ ಮನಸ್ಸೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಜ್ವರ ಬಂದ ಮಗುವಿಗೆ ತಾಯಿ ಬೇರೆ ಗಂಜಿ ಕಾಯಿಸಿದರೆ ಅದನ್ನು ಯಾರೂ ಪಕ್ಷಪಾತವೆನ್ನುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ಪರೀಕ್ಷಾರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಕೊಡಲು ಹೇಳಿತು. ಪರೀಕ್ಷೆ ಅಳೆಯಬೇಕಾದದ್ದು ಮಗುವಿನ ಕಲಿಕೆಯನ್ನು, ಕೈಯ ವೇಗವನ್ನಲ್ಲ.

ಇನ್ನೂ ಒಂದು ಮಾತು. ಕುರುಬನು ಒಂದನ್ನು ಹುಡುಕಿಹೋದಾಗ ಉಳಿದವುಗಳಿಗೆ ನಷ್ಟವಾಯಿತೇ? 'ನಾಳೆ ನಾನು ತಪ್ಪಿಹೋದರೂ ನನ್ನನ್ನು ಹುಡುಕುತ್ತಾರೆ' ಎಂಬ ಧೈರ್ಯ ಅವಕ್ಕೆ ದೊರೆಯಿತು. ನಿಧಾನವಾಗಿ ಕಲಿಯುವ ಗೆಳೆಯನನ್ನು ಹೊರಗೆ ಕಳುಹಿಸಿದ್ದನ್ನು ಕಂಡ ಮಕ್ಕಳಾದರೋ ಬೇರೆ ಪಾಠ ಕಲಿಯುತ್ತಾರೆ: ಗೆಲ್ಲುವವರೆಗೆ ಮಾತ್ರ ನಿನಗಿಲ್ಲಿ ಜಾಗ.

ಶಿಕ್ಷಣ ಹಕ್ಕು ಕಾಯ್ದೆ, 2009, ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾನೂನು ವಿನಾಯಿತಿ ಕೊಟ್ಟಲ್ಲಿ ಶುಭಸಂದೇಶವೂ ಕೊಟ್ಟಿದೆಯೇ? ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಕಲಿಕಾ ನ್ಯೂನತೆಯೂ ಸೇರಿ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಆ ಮಕ್ಕಳು ಸೋಮಾರಿಗಳಲ್ಲ, ದಡ್ಡರೂ ಅಲ್ಲ.

ಇನ್ನು ದಾರಿ ತಪ್ಪುವ ಅಂಚಿನಲ್ಲಿರುವ ಯುವಕರ ವಿಷಯ. 1841ರಲ್ಲಿ ಗುರುದೀಕ್ಷೆ ಪಡೆದ ಸಂತ ಜಾನ್ ಬೋಸ್ಕೋರವರು ತುರಿನ್ ನಗರದ ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು ನೊಂದರು. ಕೆಟ್ಟ ಮೇಲೆ ಶಿಕ್ಷಿಸುವುದಕ್ಕಿಂತ, ಕೆಡುವ ಮುನ್ನವೇ ಪ್ರೀತಿಯಿಂದ ಜೊತೆಗಿರುವುದು ಅವರ ಮಾರ್ಗವಾಯಿತು.

ಐವತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿಯೊಬ್ಬರ ಹೆಗಲಿಗೇ ಈ ಹೊರೆ ಹಾಕುವುದು ನ್ಯಾಯವಲ್ಲ. ನಮ್ಮ ಧರ್ಮಕೇಂದ್ರದ ಸಭಾಂಗಣವನ್ನು ಸಂಜೆಯ ಓದಿಗೆ ತೆರೆಯಬಹುದು. ಪರೀಕ್ಷೆಯಲ್ಲಿ ಬರೆಯಲಾಗದವರ ಪರವಾಗಿ ಬರೆದುಕೊಡಲು ಯುವಜನರು ಮುಂದೆ ಬರಬಹುದು. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಒಂದು ಮಗುವಿನ ಬಸ್ ಖರ್ಚು ವಹಿಸಬಹುದು. ಪಾಲಕರ ಸಭೆಯಲ್ಲಿ ನೀವು ಕೇಳಬೇಕಾದ ಪ್ರಶ್ನೆಯೂ ಒಂದಿದೆ: "ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತನೆಯದನ್ನು ತಲುಪಿದವರೆಷ್ಟು?"

ಆ ಎರಡು ಸಂಖ್ಯೆಗಳ ನಡುವೆ ಒಂದು ಮಗು ಕಾಣೆಯಾಗಿದ್ದರೆ, ಅದರ ಮನೆಯ ಬಾಗಿಲು ತಟ್ಟೋಣ.