ಓದದಿರಲಾರದ ಕಣ್ಣು

ಕಡಲೆಕಾಯಿ ತಿಂದು ಮುಗಿಸಿ, ಪೊಟ್ಟಣದ ಕಾಗದ ಎಸೆಯುವ ಮುಂಚೆ ಒಮ್ಮೆ ಬಿಡಿಸಿ ನೋಡದವರು ಯಾರು? ಎಂದೋ ಮುಗಿದ ಚುನಾವಣೆಯ ಸುದ್ದಿ, ಅರ್ಧಕ್ಕೇ ಹರಿದ ಶ್ರದ್ಧಾಂಜಲಿ, ಯಾವುದೋ ಊರಿನಲ್ಲಿ ಮಾರಾಟಕ್ಕಿರುವ ಸೈಟು. ಅದರಿಂದ ನಮಗೆ ಆಗಬೇಕಾದ್ದೇನೂ ಇಲ್ಲ. ಆದರೂ ಕಣ್ಣು ಓದಿಯೇ ಬಿಟ್ಟಿರುತ್ತದೆ. ಲಾರಿಯ ಹಿಂಬದಿಯ ಬರಹ, ಕ್ಷೌರದಂಗಡಿಯ ದರಪಟ್ಟಿ, ಬಸ್ಸಿನಲ್ಲಿ ಪಕ್ಕದವರು ಬಿಡಿಸಿ ಹಿಡಿದ ಪೇಪರು, ಮದುವೆ ಮನೆಯ ಉಡುಗೊರೆಯ ಮೇಲಿನ ಹೆಸರು, ಇವೆಲ್ಲಕ್ಕೂ ಹಾಗೆಯೇ.

ಓದಲೇಬಾರದೆಂದು ಹಟ ಹಿಡಿದು ಎದುರಿನ ಅಂಗಡಿಯ ಬೋರ್ಡು ನೋಡಿ. ಆಗುವುದಿಲ್ಲ. 1935ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದು, ಶಾಯಿಯ ಬಣ್ಣ ಯಾವುದೆಂದು ಕೇಳಿದರೆ ಜನ ತಡವರಿಸುತ್ತಾರೆ. ಬಣ್ಣ ನಾಲಗೆಗೆ ಬರುವಷ್ಟರಲ್ಲಿ ಅಕ್ಷರ ಅಡ್ಡ ನಿಂತಿರುತ್ತದೆ.

ಅಕ್ಷರ ಬಂದವರು ಅಕ್ಷರದ ರೂಪವನ್ನು ಕಾಣುವುದೇ ಇಲ್ಲ; ಅರ್ಥ ಮೊದಲು ಬಂದು ಗೆರೆಗಳನ್ನು ಮರೆಮಾಡುತ್ತದೆ. ರಾಯಚೂರಿನಿಂದ ಹೊರಟು ತುಂಗಭದ್ರೆ ದಾಟಿ ಮಂತ್ರಾಲಯದ ಕಡೆ ಹೋದವರಿಗೆ ಮಾತ್ರ ಒಂದು ವಿಚಿತ್ರ ಅನುಭವ. ತೆಲುಗು ಬೋರ್ಡುಗಳು ಎದುರಾಗುತ್ತವೆ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ಹಾಗಾಗಿ ಗ, ದ, ಬ, ಲ ಥಟ್ಟನೆ ಸಿಗುತ್ತವೆ. ಕ, ತ ಎದುರಾದಾಗ ಕಣ್ಣು ಎಡವುತ್ತದೆ. ತಲೆಕಟ್ಟು ಬೇರೆ, ತಿರುವು ಬೇರೆ. ನಲವತ್ತು ದಾಟಿದವರೂ ತುಟಿ ಅಲ್ಲಾಡಿಸುತ್ತಾ ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾರೆ. ‘ಓ, ಮೆಡಿಕಲ್ ಶಾಪು!’ ಎಂದು ಹೊಳೆದಾಗ ಮುಖ ಅರಳುತ್ತದೆ. ಔಷಧಿ ಬೇಕಿತ್ತೆಂದಲ್ಲ, ಓದು ಬಂತೆಂದು. ಒಂದನೇ ಕ್ಲಾಸಿನಲ್ಲಿ ಪಟ್ಟ ಆ ಖುಷಿ ನಮ್ಮೂರಿನ ಬೋರ್ಡುಗಳ ಮುಂದೆ ಮತ್ತೆ ಸಿಗುವುದಿಲ್ಲ.

ಮಾತು ಮನೆಯವರ ಮಾತು ಕೇಳುತ್ತಲೇ ಬರುತ್ತದೆ. ಅಕ್ಷರ ಹಾಗಲ್ಲ. ಬರವಣಿಗೆಗೆ ಸುಮಾರು 5000 ವರ್ಷದ ವಯಸ್ಸು. ಮಿದುಳು ಅದಕ್ಕಾಗಿ ಪ್ರತ್ಯೇಕ ಜಾಗ ಇಟ್ಟುಕೊಂಡು ಹುಟ್ಟುವುದಿಲ್ಲ. ಮುಖ, ವಸ್ತುಗಳ ಗುರುತು ಹಿಡಿಯುವ ಭಾಗದಲ್ಲೇ ಅಕ್ಷರಕ್ಕೂ ಜಾಗ ಮಾಡಿಕೊಳ್ಳುತ್ತದೆ ಎನ್ನುತ್ತಾರೆ ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್. ಅಂದರೆ ಅಕ್ಕಿ ಹರಡಿದ ತಟ್ಟೆಯ ಮುಂದೆ ಕೂರಿಸಿ, ಬೆರಳು ಹಿಡಿದು ಬರೆಸಿದ ಪ್ರತಿ ಮಗುವೂ ಈ ಕೆಲಸವನ್ನು ಮೊದಲಿನಿಂದ ಮಾಡಬೇಕು. ಅತ್ತು ಕರೆದು ಕಲಿತದ್ದು ಕೆಲವೇ ವರ್ಷಗಳಲ್ಲಿ ರೆಪ್ಪೆ ಬಡಿದಷ್ಟು ಸಲೀಸಾಗುತ್ತದಲ್ಲ, ಅದಕ್ಕಿಂತ ದೊಡ್ಡ ಸೋಜಿಗ ಯಾವುದಿದೆ?

ಇನ್ನು ಯಾರಾದರೂ ‘ನಾನು ಓದುವುದನ್ನೇ ಬಿಟ್ಟಿದ್ದೇನೆ’ ಎಂದರೆ ನಂಬಬೇಡಿ. ಅವರು ಪುಸ್ತಕ ಬಿಟ್ಟಿರಬಹುದು. ಓದು ಅವರನ್ನು ಬಿಟ್ಟಿಲ್ಲ.