ಮನೆಯವರ ಪಾಲು

ಹಿರಿಯರೊಬ್ಬರು ತೀರಿಕೊಂಡ ಮನೆಯ ಮುಂದೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ, ‘ವಯಸ್ಸ ಎಷ್ಟ ಆಗಿತ್ರೀ?’ ಎಂಬತ್ತು ದಾಟಿತ್ತು ಎಂದರೆ ಕೇಳಿದವರ ಮುಖದ ಬಿಗಿ ಸಡಿಲುತ್ತದೆ. ‘ತುಂಬಿದ ಕೊಡ ಬಿಡ್ರಿ’ ಎನ್ನುತ್ತಾರೆ. ಆಮೇಲೆ ಅವರು ಊರಿಗೆ ಮಾಡಿದ್ದರ ಲೆಕ್ಕ ಶುರುವಾಗುತ್ತದೆ. ವಿಜಯಪುರದ ಸ್ಟೇಷನ್ ರಸ್ತೆಯ ಮನೆಯಿರಲಿ, ತಿಕೋಟಾ, ಬಬಲೇಶ್ವರದ ತೋಟದ ವಸ್ತಿಯಿರಲಿ, ಕ್ರಮ ಇದೇ. ಬರಗಾಲದಲ್ಲಿ ಬಾವಿ ಬಿಟ್ಟುಕೊಟ್ಟದ್ದು, ಶಾಲೆಗೆ ಜಾಗ ಕೊಟ್ಟದ್ದು, ಯಾರದೋ ಮಗಳ ಮದುವೆಗೆ ಮುಂದೆ ನಿಂತದ್ದು, ಒಬ್ಬೊಬ್ಬರು ಒಂದೊಂದು ನೆನೆಯುತ್ತಾರೆ. ಒಳಕೋಣೆಯಲ್ಲಿ ಕೂತ ಹೆಣ್ಣುಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ.

ವಿಜಯಪುರದ ತುಂಬುಜೀವನಗಳಲ್ಲಿ ದೊಡ್ಡದು ಫ.ಗು. ಹಳಕಟ್ಟಿಯವರದು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ವಕೀಲಿಕೆಗೆಂದು ಆಗಿನ ಬಿಜಾಪುರಕ್ಕೆ ಬಂದು ಇಲ್ಲಿಯವರೇ ಆದರು. 1964ರ ಜೂನ್ 29ರಂದು ತೀರಿಕೊಂಡಾಗ 84 ತುಂಬಲು ಮೂರೇ ದಿನ ಉಳಿದಿತ್ತು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1923ರಲ್ಲಿ ‘ವಚನಶಾಸ್ತ್ರ ಸಾರ’, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಒಬ್ಬ ಮನುಷ್ಯನ ಹೆಸರಿಗೆ ಇದರಲ್ಲಿ ಯಾವುದೊಂದಿದ್ದರೂ ಸಾಕಿತ್ತು.

ಆದರೆ ಅವರ ವಚನ ಸಂಗ್ರಹದ ಕೆಲಸ ನಡೆದದ್ದು ಹೇಗೆಂದು ಹತ್ತಿರದಿಂದ ನೋಡಬೇಕು. ವಚನದ ತಾಡೋಲೆ ಕಟ್ಟುಗಳು ಮಠಗಳಲ್ಲಿದ್ದವು, ಹಳೆಯ ಮನೆತನಗಳ ಜಗಲಿಯ ಮೇಲೂ ಇದ್ದವು. ಓದಲು ಬಾರದಿದ್ದರೂ ವಿಭೂತಿ ಹಚ್ಚಿ, ಹೂವೇರಿಸಿ, ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದವರು ಆ ಮನೆಗಳ ಮಂದಿ. ದೇವರೆಂದು ಪೂಜಿಸಿದ್ದನ್ನು ಬಿಚ್ಚಿ ಪರರ ಕೈಗೆ ಕೊಡಲು ಯಾರ ಮನಸ್ಸಾದರೂ ಅಳುಕುತ್ತದೆ. ಕೇಳಿ, ಕಾಡಿ, ಒಪ್ಪಿಸಿ ತಂದ ಮೇಲೂ ಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ ಸುಲಭಕ್ಕೆ ಕಣ್ಣಿಗೆ ಬೀಳದು. ಕಾಡಿಗೆ ತಿಕ್ಕಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಂತು ಸಾಲು ಮೂಡುತ್ತದೆ. ಪದಪದದ ನಡುವೆ ಬಿಡುವಿಲ್ಲ, ಹುಳ ತಿಂದ ಕಡೆ ಅಕ್ಷರವೇ ಇಲ್ಲ. ಹೀಗೆ ಗರಿ ಗರಿ ಓದಿ, ನಕಲು ಮಾಡಿ, ಇನ್ನೂರಕ್ಕೂ ಹೆಚ್ಚು ವಚನಕಾರರನ್ನು ಅವರು ಬೆಳಕಿಗೆ ತಂದರು.

ಅಚ್ಚು ಹಾಕಲು ಸ್ವಂತ ಮುದ್ರಣಾಲಯವೇ ಬೇಕೆನಿಸಿದಾಗ ಇದ್ದ ಮನೆಯನ್ನು ಮಾರಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಎದ್ದು ನಿಂತಿತು. ಹಳಕಟ್ಟಿಯವರು ಬಾಡಿಗೆ ಮನೆಯಲ್ಲಿ ಉಳಿದರು. ಹಳೇ ಕೋಟು, ಹಳೇ ಸೈಕಲ್ಲು ಎಂದು ಇವತ್ತಿಗೂ ಹೇಳುತ್ತೇವೆ. ಭಾಷಣಗಳಲ್ಲಿ ‘ಮನೆ ಮಾರಿದರು’ ಎಂಬ ಮಾತು ಬಂದಾಗ ಚಪ್ಪಾಳೆ ಬೀಳುತ್ತದೆ. ಮಾರಿದ ಮನೆಯಿಂದ ಪಾತ್ರೆ ಪಗಡ, ಹಾಸಿಗೆ ಕಟ್ಟಿಕೊಂಡು ಹೊರಟ ಮಂದಿಯೂ ಆ ಮಾತಿನೊಳಗೇ ಇದ್ದಾರೆ. ಚಪ್ಪಾಳೆಯಲ್ಲಿ ಅವರಿಗೆ ಪಾಲಿಲ್ಲ.

ಸನ್ಯಾಸಿಯ ತ್ಯಾಗದಲ್ಲಿ ಈ ತೊಡಕಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಟ್ಟರು, 2018ರಲ್ಲಿ ಪದ್ಮಶ್ರೀ ಬೇಡವೆಂದರು, ತಮಗೆ ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ನಾಡೇ ವಿಜಯಪುರಕ್ಕೆ ನಡೆದು ಬಂತು. ಅವರು ಬಿಟ್ಟುಕೊಟ್ಟದ್ದೆಲ್ಲ ಅವರದೇ. ಸಂಸಾರಿ ಕೊಡುವಾಗ ಹಾಗಲ್ಲ. ಆತ ಊರಿಗೆ ಕೊಡುವ ಒಂದೊಂದು ತಾಸೂ ಹೆಂಡತಿ ಮಕ್ಕಳ ಪಾಲಿನದು, ಒಂದೊಂದು ರೂಪಾಯಿಯೂ ಅಡುಗೆಮನೆಯ ಡಬ್ಬಿಯದು.

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಊರಿನ ಹೊಗಳಿಕೆಯ ರುಚಿ ಹತ್ತಿ ಮನೆಯನ್ನು ಮರೆತವರಿದ್ದಾರೆ. ಹಳಕಟ್ಟಿಯಂಥವರನ್ನು ಅವರ ಸಾಲಿಗೆ ಸೇರಿಸಲಾಗದು. ಹಿರಿಯರು ಸ್ವತಃ ಸುಖ ಉಂಡು ಮನೆಯವರಿಗಷ್ಟೇ ಉಪವಾಸ ಹಾಕಿದರೆ ಅದು ಮಾರಿತನ. ಹರಕು ಕೋಟು ತಾನು ತೊಟ್ಟು, ಕಷ್ಟದಲ್ಲಿ ಮೊದಲ ಪಾಲು ತಾನು ತೆಗೆದುಕೊಂಡರೆ ಅದು ದಾಸೋಹ. ಹಾಗಿದ್ದೂ ಉಳಿದ ಪಾಲು ಮನೆಯವರ ಮೇಲೆ ಬಿದ್ದೇ ಬೀಳುತ್ತದೆ. ಅದನ್ನು ಅವರು ಹೆಮ್ಮೆಯಿಂದ ಹೊತ್ತರೋ, ನುಂಗಿಕೊಂಡು ಹೊತ್ತರೋ ಎಂಬುದನ್ನು ಅವರೇ ಹೇಳಬೇಕು. ನಾವು ಅವರ ಪರವಾಗಿ ‘ಸಂತೋಷದಿಂದ ಸಹಕರಿಸಿದರು’ ಎಂದು ಬರೆದುಬಿಡುವುದು ಕೃತಜ್ಞತೆಯಲ್ಲ, ಅವಸರ.

ಅಜ್ಜನೋ ಅಮ್ಮನೋ ತೊಂಬತ್ತರ ಹತ್ತಿರ ಬಾಳಿ ಹೋದಾಗ ನುಡಿನಮನ ಇಡುತ್ತೇವೆ. ಮೊದಲು ಮಾತು ಸ್ವಾಮಿಗಳಿಗೆ, ಆಮೇಲೆ ಶಾಸಕರಿಗೆ, ಸಂಘದ ಅಧ್ಯಕ್ಷರಿಗೆ. ಮನೆಯವರಿಗೆ ಸಿಗುವುದು ವಂದನಾರ್ಪಣೆ. ಈ ಸರದಿ ಒಮ್ಮೆ ತಿರುಗಲಿ. ಹೊತ್ತುಗೊತ್ತಿಲ್ಲದೆ ಬಂದ ಮಂದಿಗೆ ರೊಟ್ಟಿ ಬಡಿದ ಸೊಸೆ ಮೊದಲು ಮಾತಾಡಲಿ. ಶಾಲೆಯ ಫೀಸಿಗೆ ಇಟ್ಟ ಹಣ ಇನ್ನೊಬ್ಬರ ಆಸ್ಪತ್ರೆಗೆ ಹೋದದ್ದನ್ನು ಕಂಡ ಮಗ ಮಾತಾಡಲಿ. ಅವರ ಮಾತಿನಲ್ಲಿ ಹೊಗಳಿಕೆಯ ಜೊತೆಗೆ ಒಂದಿಷ್ಟು ತಕರಾರೂ ಬಂದೀತು. ಬರಲಿ. ಆ ತಕರಾರು ಕೇಳಿದ ಮೇಲೂ ಹಿರಿಯರ ಮೇಲಿನ ಗೌರವ ಕುಂದದಿದ್ದರೆ, ಅದೇ ಗಟ್ಟಿಯಾದ ಗೌರವ.