ಪದ್ದಕ್ಕ ಎಲ್ಲಿ ಹೋದಳು?

ಅಂಗಡಿ ಬಿಡುವ ಗಿರಾಕಿ ಹೊಸ್ತಿಲಲ್ಲಿ ನಿಂತು ಎರಡು ಮಾತು ಬೈದಾದರೂ ಹೋಗುತ್ತಿದ್ದಳು. ಆಪ್ ಬಿಡುವವಳು ಅಳಿಸಿಯೂ ಹಾಕುವುದಿಲ್ಲ. ತೆರೆಯುವುದನ್ನು ನಿಲ್ಲಿಸುತ್ತಾಳೆ, ಅಷ್ಟೆ.

*

ಐವತ್ತರ ಕೂಪನ್‌ಗೆ ಬಂದವಳು ಅರವತ್ತರ ಕೂಪನ್‌ಗೆ ಹೋಗುತ್ತಾಳೆ. ಕಾಸಿನ ಆಸೆ ತೋರಿಸಿ ಕರೆದವರು ಆಮೇಲೆ ನಿಷ್ಠೆ ಕೇಳಿದರೆ ಹೇಗೆ?

*

2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೊ ಆಪ್ ಬೆಳೆದದ್ದು ಮನೆಯಲ್ಲೇ ಕೂತು ವ್ಯಾಪಾರ ಮಾಡುವ ಹೆಂಗಸರ ವಾಟ್ಸಾಪ್ ಗ್ರೂಪುಗಳಲ್ಲಿ. ಆಪಿನಿಂದ ಸೀರೆಯ ಫೋಟೊ ಇಳಿಸಿಕೊಳ್ಳುವುದು, ಬೆಲೆಗೆ ತನ್ನ ಮಾರ್ಜಿನ್ ಸೇರಿಸುವುದು, “ಪದ್ದಕ್ಕ, ಈ ಬಣ್ಣ ನಿಮಗೆ ಒಪ್ಪುತ್ತೆ ನೋಡಿ” ಎಂದು ಕಳಿಸುವುದು. ಪದ್ದಕ್ಕ ನೆಚ್ಚಿದ್ದು ಆ ಮಾತನ್ನು. ಮಾರುವವಳು ನಾಳೆ ಶಾಪ್ಸಿ ಎಂಬ ಇನ್ನೊಂದು ಆಪಿನಿಂದ ಫೋಟೊ ಇಳಿಸಿದರೆ ಪದ್ದಕ್ಕನೂ ಅಲ್ಲಿಗೇ ಹೋದಂತೆ, ಆಪಿನ ಹೆಸರೂ ತಿಳಿಯದೆ.

*

ಒಂದು ದಿನ ಪದ್ದಕ್ಕನ ಮಗಳು ಅದೇ ಸೀರೆಯನ್ನು ಆಪಿನಲ್ಲಿ ನೋಡುತ್ತಾಳೆ. ನೂರು ರೂಪಾಯಿ ಕಡಿಮೆ. ಅಂದಿನಿಂದ ನೇರ ಖರೀದಿ. ಕಂಪನಿಗೂ ಬೇಕಿದ್ದದ್ದು ನೇರ ಗಿರಾಕಿಯೇ, ಸಿಕ್ಕಳು. ಆದರೆ ಬಣ್ಣ ಬಿಟ್ಟರೆ ಬೈಯಲು, ಮುನಿದರೆ ರಮಿಸಲು ನಡುವೆ ಯಾರೂ ಉಳಿಯಲಿಲ್ಲ. ಮಾರ್ಜಿನ್ ಎಂದು ಕಳೆದು ಹಾಕಿದ್ದು ಆ ಹಂಗನ್ನು ಕೂಡ.

*

ಜನ ಊರು ಬಿಡುವುದರ ಹಿಂದೆ ದಬ್ಬುವ ಕಾರಣ, ಸೆಳೆಯುವ ಕಾರಣ, ನಡುವಿನ ಅಡ್ಡಿ ಇರುತ್ತವೆ ಎಂದು 1966ರಲ್ಲಿ ಸಮಾಜಶಾಸ್ತ್ರಜ್ಞ ಎವರೆಟ್ ಲೀ ಬರೆದ. ಮಾರುಕಟ್ಟೆ ಪಂಡಿತರು ಆ ಲೆಕ್ಕವನ್ನು ಈಗ ಗಿರಾಕಿಗೆ ಹಚ್ಚುತ್ತಾರೆ. ದಬ್ಬುವುದು ಕಣ್ಣಿಗೆ ಕಾಣುತ್ತದೆ: ಫೋಟೊದಲ್ಲಿ ಗಿಣಿಹಸಿರು, ಪೊಟ್ಟಣ ಬಿಚ್ಚಿದರೆ ಪಾಚಿಹಸಿರು, ಉಗುರು ತಾಗಿದರೆ ಎದ್ದು ಬರುವ ಜರಿ. ಸೆಳೆಯುವುದಕ್ಕೆ ಜಾಹೀರಾತೇ ಇದೆ. ಸೋಜಿಗವೆಂದರೆ ಕಟ್ಟಿ ಹಾಕುವ ಸಂಗತಿಗಳು ಎಷ್ಟು ಸಣ್ಣವು ಎನ್ನುವುದು: ಬರಬೇಕಾದ ರೀಫಂಡ್, ವ್ಯಾಲೆಟ್ಟಿನಲ್ಲಿ ಸಿಕ್ಕಿಕೊಂಡ ಎಂಬತ್ತು ರೂಪಾಯಿ, ಒಮ್ಮೆ ತುಂಬಿಸಿಟ್ಟ “ಗಣಪತಿ ಗುಡಿ ಹಿಂದೆ, ನೀಲಿ ಗೇಟು” ಎಂಬ ವಿಳಾಸ.

*

ಕ್ಯಾಶ್ ಆನ್ ಡೆಲಿವರಿ ಇರುವವರೆಗೆ ಹೊಸ ಆಪಿನ ಭಯವಿಲ್ಲ. ದುಡ್ಡು ಇನ್ನೂ ನಮ್ಮ ಡಬ್ಬಿಯಲ್ಲೇ ಇದೆ.

*

ನಾಲ್ಕೂವರೆ ಸ್ಟಾರನ್ನು ಯಾರೂ ನಂಬುವುದಿಲ್ಲ. ಒಂದು ಸ್ಟಾರ್ ಕೊಟ್ಟವಳು ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮಸುಕು ಫೋಟೊವನ್ನು ಮಾತ್ರ ಎಲ್ಲರೂ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ.

*

ಗಿರಾಕಿ ನಿಂತಲ್ಲೇ ನಿಂತರೂ ಅಂಗಡಿಯೇ ಎದ್ದು ಹೋಗುವುದುಂಟು. ವಿಡಿಯೊದಲ್ಲಿ ಮಾಲು ತೋರಿಸಿ ಮಾರುತ್ತಿದ್ದ ಸಿಮ್‌ಸಿಮ್ ಆಪನ್ನು 2021ರಲ್ಲಿ ಯೂಟ್ಯೂಬ್ ಕೊಂಡಿತು, 2023ರಲ್ಲಿ ಮುಚ್ಚಿತು. (ಬಿಟ್ಟುಹೋಗುವ ಗಿರಾಕಿಯ ಬಗ್ಗೆ ಬರೆಯುವವರು ಬಿಟ್ಟುಹೋಗುವ ಕಂಪನಿಯನ್ನು ಯಾಕೋ ಮರೆಯುತ್ತಾರೆ.)

*

ಈಗ ಇನ್‌ಸ್ಟಾಗ್ರಾಂ ಲೈವ್. ಮಾರುವಾಕೆ ಸೆರಗನ್ನು ಅಂಗೈ ಮೇಲೆ ಹರಡಿ, ಹಿಂದುಮುಂದು ತಿರುಗಿಸಿ ತೋರಿಸುತ್ತಾಳೆ. “ಬ್ಲೌಸ್ ಪೀಸ್ ಇದೆಯಾ ಅಕ್ಕಾ?” “ಇದೆ ಕಣಮ್ಮ, ಕಾಂಟ್ರಾಸ್ಟ್.” ಸ್ಕ್ರೀನ್‌ಶಾಟ್ ಮೊದಲು ಕಳಿಸಿದವರಿಗೆ ಸೀರೆ. ದುಡ್ಡು ಮುಂಚೆಯೇ ಹಾಕಬೇಕು, ರಿಟರ್ನ್ ಇಲ್ಲ, ಪೊಟ್ಟಣ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ತಕರಾರೂ ಇಲ್ಲ. ಆಪಿನ ಸವಲತ್ತುಗಳನ್ನೆಲ್ಲ ಬಿಟ್ಟು ಪದ್ದಕ್ಕನ ಮಗಳು ಇಲ್ಲಿ ಸ್ಕ್ರೀನ್‌ಶಾಟ್ ತೆಗೆಯುತ್ತ ಕೂತಿದ್ದಾಳೆ.